ಹಸಿರು ಗುರುತು ನಂಬಿ ಕೆಟ್ಟೆ

ದಾವಣಗೆರೆಯಲ್ಲಿ ಬೆಳೆದ ನನಗೆ ಇಳಿಜಾರು ಅಂದರೆ ರೈಲ್ವೆ ಅಂಡರ್‌ಬ್ರಿಡ್ಜ್, ಅಷ್ಟೇ. ಹಿಮ ನೋಡಿದ್ದು ಕೆನಡಾಕ್ಕೆ ಬಂದ ಮೇಲೆ. ಎರಡನೇ ಚಳಿಗಾಲದಲ್ಲಿ ಗೆಳೆಯರ ಜೊತೆ ವ್ಯಾಂಕೂವರ್‌ನಿಂದ ಹೈವೇ 99 ಹಿಡಿದು ಸುಮಾರು 120 ಕಿ.ಮೀ. ದೂರದ ವಿಸ್ಲರ್‌ಗೆ ಹೋದೆ, ಹಿಮದ ಮೇಲೆ ಜಾರುವವರ ಊರು ಅದು. ಉಳಿದವರೆಲ್ಲ ಸ್ಕೀ ಬಾಡಿಗೆಗೆ ತಗೊಂಡರು. ನಾನೊಬ್ಬನೇ ಸ್ನೋಬೋರ್ಡ್ ತಗೊಂಡೆ. ಎರಡು ಪಟ್ಟಿ ಸಂಭಾಳಿಸುವುದಕ್ಕಿಂತ ಒಂದು ಹಲಗೆ ವಾಸಿ ಅನ್ನುವುದು ನನ್ನ ಲೆಕ್ಕಾಚಾರ.

ಬೆಟ್ಟ ಹತ್ತಿಸುವ ಗೊಂಡೋಲಾ, ಅಂದರೆ ಕೇಬಲ್ ಕಾರು, ಅರ್ಧ ದಾರಿಯಲ್ಲಿ ನಿಲ್ಲುವ ಒಲಿಂಪಿಕ್ ಸ್ಟೇಷನ್‌ನಲ್ಲಿ ಹೊಸಬರಿಗೆಂದೇ ಒಂದು ಜಾಗವಿದೆ. ಅಲ್ಲೇ ಎರಡು ದಿನ ಕಳೆದೆ. ಹಿಮ್ಮಡಿ ಮೇಲೆ ಭಾರ ಹಾಕಿದರೆ ಬೋರ್ಡಿನ ಹಿಂದಿನ ಅಂಚು ಹಿಮ ಕೆರೆದು ಬ್ರೇಕ್ ಹಿಡಿಯುತ್ತದೆ. ಕಾಲ್ಬೆರಳ ಮೇಲೆ ಹಾಕಿದರೆ ಮುಂದಿನ ಅಂಚು. ಅರಳಿ ಎಲೆ ಉದುರುವ ಹಾಗೆ ಆ ಕಡೆ ಈ ಕಡೆ ತೇಲುತ್ತಾ ಇಳಿಯುವುದನ್ನೇ ಮೊದಲು ಕಲಿಸುತ್ತಾರೆ. ಇಳಿಜಾರಿನ ಕೆಳಬದಿಯ ಅಂಚು ಮಾತ್ರ ಹಿಮಕ್ಕೆ ತಾಗಬಾರದು. ತಾಗಿತೋ, ಬೀಳುತ್ತಿದ್ದೇನೆ ಅಂತ ಗೊತ್ತಾಗುವ ಮೊದಲೇ ಬಿದ್ದಾಗಿರುತ್ತದೆ. ಬಾಲಮೂಳೆಗೆ ಬಿದ್ದ ಆ ಒಂದು ಪೆಟ್ಟಿಗೆ ವಾರವಿಡೀ ಆಫೀಸಿನಲ್ಲಿ ನಿಂತೇ ಕೆಲಸ ಮಾಡಿದೆ. ಬೀಳುವಾಗ ಅಂಗೈ ಊರಬಾರದು, ಮುಷ್ಟಿ ಬಿಗಿದು ಮುಂಗೈ ಪೂರ್ತಿ ಚೆಲ್ಲಬೇಕು. ಮಣಿಕಟ್ಟು ಮುರಿದುಕೊಳ್ಳುವವರಲ್ಲಿ ಹೊಸಬರೇ ಹೆಚ್ಚು.

ನಿಜವಾದ ಪಾಠ ಸಿಕ್ಕಿದ್ದು ಮೂರನೇ ಸಲ ಹೋದಾಗ. ವಿಸ್ಲರ್, ಬ್ಲ್ಯಾಕ್‌ಕೋಂಬ್ ಎರಡೂ ಬೆಟ್ಟ ಸೇರಿ 8,171 ಎಕರೆ, 200ಕ್ಕೂ ಹೆಚ್ಚು ಇಳಿದಾರಿಗಳು. ನಕ್ಷೆಯಲ್ಲಿ ಹಸಿರು ವೃತ್ತ ಅಂದರೆ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ನಾನು ಹಸಿರನ್ನೇ ಹುಡುಕಿ, ತಂತಿಗೆ ತೂಗುವ ಕುರ್ಚಿಗಳ ಹಾರ್ಮನಿ ಲಿಫ್ಟ್ ಹತ್ತಿ, ಬರ್ನ್ಟ್ ಸ್ಟ್ಯೂ (ಸೀದ ಸಾರು) ಅನ್ನುವ ದಾರಿಗಿಳಿದೆ. ಹಿಂದೆ ಯಾರೋ ಬೇಸಿಗೆಯಲ್ಲಿ ಚಾರಣಕ್ಕೆ ಬಂದು ಅಡುಗೆ ಸೀಯಿಸಿಕೊಂಡರಂತೆ, ಅದಕ್ಕೇ ಆ ಹೆಸರು. ನನ್ನದೂ ಅಲ್ಲೇ ಸೀದಿತು.

ದಾರಿ ಕಡಿದಾಗಿರಲಿಲ್ಲ, ತೊಂದರೆಯಾಗಿದ್ದೇ ಅದರಿಂದ. ಕೆಳಗೆ ಹೋಗುತ್ತಾ ಹೋಗುತ್ತಾ ನೆಲ ಮಟ್ಟಸವಾಯಿತು, ಬೋರ್ಡು ನಿಂತೇಬಿಟ್ಟಿತು. ಸ್ಕೀ ಮಾಡುವವರ ಕೈಯಲ್ಲಿ ಎರಡು ಕೋಲಿರುತ್ತವೆ, ಕಾಲುಗಳೂ ಬೇರೆ ಬೇರೆ. ಊರಿಕೊಂಡು ಮುಂದೆ ಹೋಗುತ್ತಾರೆ. ನನ್ನ ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿವೆ. ಕಪ್ಪೆಯ ಹಾಗೆ ಕುಪ್ಪಳಿಸಿದೆ. ಆಮೇಲೆ ಹಿಂಗಾಲಿನ ಪಟ್ಟಿ ಬಿಚ್ಚಿ, ಸೈಕಲ್ ಕಲಿಯುವ ಹುಡುಗ ನೆಲ ಒದೆಯುವಂತೆ ತಳ್ಳಿಕೊಂಡು ಹೊರಟೆ. ಕಡಲಿಗೆ ಹತ್ತಿರದ ಬೆಟ್ಟವಾದ್ದರಿಂದ ಅಲ್ಲಿನ ಹಿಮ ಎಷ್ಟೋ ಸಲ ಒದ್ದೆ, ಭಾರ. ಬೋರ್ಡಿನ ತಳಕ್ಕೆ ನೆನೆದ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಐದು ವರ್ಷದ ಮಕ್ಕಳ ಸಾಲೊಂದು ನನ್ನನ್ನು ದಾಟಿ ಹೋಯಿತು. ಕೊನೆಗೆ ಹುಬ್ಬಳ್ಳಿಯ ಗೆಳೆಯ ಹಿಂದಿನಿಂದ ಬಂದು ಕೋಲು ಚಾಚಿ, "ಹಿಡ್ಕೋಳೋ, ಎತ್ತಿನ ಬಂಡಿ ಹಂಗ ಎಳಕೊಂಡು ಹೋಗ್ತೀನಿ" ಅಂದ. ಹಿಡಿದುಕೊಂಡೆ. ಮಾನಕ್ಕಿಂತ ಉಸಿರು ಮುಖ್ಯವಾಗಿತ್ತು.

ಹಸಿರು ಗುರುತು ಹೇಳುವುದು ಕಡಿದಿಲ್ಲ ಅಂತ. ಸ್ನೋಬೋರ್ಡಿಗೆ ಸಲೀಸು ಅಂತ ಅಲ್ಲ. ಇನ್ನೊಂದು ವಿಷಯ: ಈ ಬಣ್ಣಗಳನ್ನು ಆಯಾ ರೆಸಾರ್ಟ್ ತನ್ನದೇ ಬೆಟ್ಟದ ಇಳಿದಾರಿಗಳನ್ನು ಒಂದಕ್ಕೊಂದು ಹೋಲಿಸಿ ಕೊಡುತ್ತದೆ. ಒಂದೂರಿನ ನೀಲಿ ಇನ್ನೊಂದೂರಿನಲ್ಲಿ ಕಪ್ಪಾಗಿರಬಹುದು.

ಈಗ ನಾನು ಲಿಫ್ಟ್ ಹತ್ತಿರ ನಿಂತವರನ್ನು ಮೊದಲು ಕೇಳುವುದು "ಎಲ್ಲಿ ಮಟ್ಟಸ?" ಅಂತ. ಮಟ್ಟಸ ಜಾಗ ಬರುವುದಕ್ಕೆ ಮೊದಲೇ ಬೋರ್ಡನ್ನು ನೇರ ಬಿಟ್ಟು ವೇಗ ಉಳಿಸಿಕೊಳ್ಳುತ್ತೇನೆ. ಆದರೆ ತಳ ಪೂರ್ತಿ ಚಪ್ಪಟೆಯಾಗಿ ಕೂತರೆ ಯಾವುದಾದರೂ ಅಂಚು ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಒಂದು ಕಡೆಗೆ ಕೂದಲೆಳೆಯಷ್ಟು ಭಾರ ಇಟ್ಟಿರುತ್ತೇನೆ. ಹಿಂದಿನ ರಾತ್ರಿ ತಳಕ್ಕೆ ವ್ಯಾಕ್ಸ್ ಹಾಕುವುದನ್ನು ತಪ್ಪಿಸುವುದಿಲ್ಲ. ನಿಜ ಹೇಳಬೇಕೆಂದರೆ ಎಮರಾಲ್ಡ್ ಲಿಫ್ಟಿನ ಸುತ್ತಲಿನ ನೀಲಿ ದಾರಿಗಳೇ ನನಗೆ ಹಸಿರಿಗಿಂತ ಹಗುರ.

ಮಂಜು ಕವಿದ ದಿನ ಮೇಲಿನ ಬಯಲಿಗೆ ಹೋಗುವುದಿಲ್ಲ. ನೆಲ ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ, ನಿಂತಿದ್ದೇನೋ ಜಾರುತ್ತಿದ್ದೇನೋ ಅನ್ನುವುದೂ ಗೊತ್ತಾಗದೆ ಹೊಟ್ಟೆ ತೊಳಸುತ್ತದೆ. ಮರಗಳಿರುವ ಕೆಳಗಿನ ದಾರಿಯಲ್ಲಿ ಕಣ್ಣಿಗೆ ಆಸರೆ ಇರುತ್ತದೆ. ಆದರೆ ದಾರಿ ಬಿಟ್ಟು ಮರದ ಬುಡಕ್ಕೆ ಹೋಗಬಾರದು. ದೊಡ್ಡ ಕೊಂಬೆಗಳ ಕೆಳಗೆ ಹಿಮ ಗಟ್ಟಿಯಾಗದೆ ಟೊಳ್ಳು ಗುಂಡಿ ಉಳಿದಿರುತ್ತದೆ. ತಲೆಕೆಳಗಾಗಿ ಬಿದ್ದರೆ ಒಬ್ಬರೇ ಎದ್ದು ಬರುವುದು ಕಷ್ಟ, ಉಸಿರುಗಟ್ಟಿ ಸತ್ತವರಿದ್ದಾರೆ. ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿಕೊಂಡಿದ್ದೇನೆ.

ಹೋದ ವರ್ಷ ಬರ್ನ್ಟ್ ಸ್ಟ್ಯೂ ಒಂದೂ ಸಲ ನಿಲ್ಲದೆ ದಾಟಿದೆ. ಗೆಳೆಯ ಕೋಲು ಚಾಚಿಯೇ ನಿಂತಿದ್ದ, ಕೈ ಬೀಸಿ ಮುಂದೆ ಹೋದೆ. ಅದೇ ಗತ್ತಿನಲ್ಲಿ ಲಿಫ್ಟ್ ಹತ್ತಿ, ಮೇಲೆ ಇಳಿಯುವಾಗ ಅವನ ಸ್ಕೀ ಮೇಲೇ ಬಿದ್ದೆ. ಲಿಫ್ಟ್ ನಿಲ್ಲಿಸಬೇಕಾಯಿತು.