ಐದೈದು ಮಕ್ಕಳ ಫೋನ್ ಪಾಠ: ನನ್ನ ಅನುಭವ

"ಫೋನಿನಲ್ಲಿ ಭಿನ್ನರಾಶಿ ಹೇಳಿಕೊಡ್ತೀರಾ ಮೇಡಂ? ಕಣ್ಣಿಗೆ ಕಾಣದ ಲೆಕ್ಕ ತಲೆಗೆ ಹೋಗುತ್ತಾ?" ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ ನಮ್ಮ ಶಿಕ್ಷಕರ ಸ್ಟಾಫ್ ಗ್ರೂಪಿನಲ್ಲಿ ಹೀಗೆ ಕೇಳಿದವರು ಒಬ್ಬಿಬ್ಬರಲ್ಲ. ಶಾಲೆ ತೆರೆದ ಮೇಲೆ ನನ್ನ ಏಳನೇ ತರಗತಿಯ ಮಕ್ಕಳ ಉತ್ತರ ಪತ್ರಿಕೆ ನೋಡಿ, ಅವರೇ ಬಂದು ಹೇಗೆ ಮಾಡಿದಿರಿ ಅಂದರು. ಅದಕ್ಕೇ ಬರೆಯುತ್ತಿದ್ದೇನೆ. ಝೂಮ್, ಮೀಟ್, ಗೂಗಲ್ ಫಾರ್ಮ್ ಅಂತ ಆನ್‌ಲೈನ್ ಪಾಠಕ್ಕೆ ಬಳಸುವುದೆಲ್ಲ ನಿಮಗೆ ಗೊತ್ತಿರುವುದೇ, ಅದರ ವಿವರಕ್ಕೆ ಹೋಗುವುದಿಲ್ಲ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಈಗ ಜಗತ್ತಿಗೇ ಹರಡಿದ ಪಿಡುಗು ಅಂತ ಘೋಷಿಸಿತು. ಏಪ್ರಿಲ್ ಹೊತ್ತಿಗೆ ಜಗತ್ತಿನಲ್ಲಿ 150 ಕೋಟಿಗೂ ಜಾಸ್ತಿ ವಿದ್ಯಾರ್ಥಿಗಳು ಮನೆಯಲ್ಲಿ ಕೂತಿದ್ದರು. ಅದರಲ್ಲಿ ನನ್ನ ಪಾಲಿನವರು 42 ಮಂದಿ.

ಮೊದಲ ಎರಡು ತಿಂಗಳು ಹಾಳಾಗಿದ್ದು ವಿಡಿಯೊದಲ್ಲಿ. ಮೈಕು, ಟ್ರೈಪಾಡ್, ರಿಂಗ್ ಲೈಟು, ಚಿಕ್ಕ ವೈಟ್‌ಬೋರ್ಡು ಅಂತ ಹೆಚ್ಚುಕಡಿಮೆ ಅರ್ಧ ತಿಂಗಳ ಸಂಬಳ ಸುರಿದೆ. ಮುಂದಿನ ತಿಂಗಳೇ ಸಂಬಳ ಕಡಿತವಾಯಿತು. ಮೊದಲ ವಾರ ಮೂವತ್ತು ಮಕ್ಕಳು ಬಂದರು. ಐದನೇ ವಾರಕ್ಕೆ ಹದಿನಾಲ್ಕೋ ಹದಿನೈದೋ. ಬಂದವರದ್ದೂ ಬರೀ ಕಪ್ಪು ಚೌಕಗಳು. "ಅರ್ಥ ಆಯ್ತಾ?" ಅಂದರೆ "ಹೂಂ ಮಿಸ್" ಅಂತ ಎರಡೇ ಎರಡು ದನಿ. ಕ್ಯಾಮೆರಾ ಕಡ್ಡಾಯ ಮಾಡಿ ನೋಡಿದೆ. ಮರುದಿನವೇ ಇನ್ನೂ ನಾಲ್ವರು ಬರಲಿಲ್ಲ. ಮನೆಯ ಒಳಗನ್ನು ಎಲ್ಲರಿಗೂ ತೋರಿಸಬೇಕಲ್ಲ ಅನ್ನುವ ಸಂಕೋಚ. ಅದು ನನಗೆ ಹೊಳೆದದ್ದು ತಡವಾಗಿ, ಈಗಲೂ ಬೇಜಾರಿದೆ. ರೆಕಾರ್ಡ್ ಮಾಡಿ ಹಾಕೋಣ ಅಂತ ರಾತ್ರಿಯಿಡೀ ಅಪ್‌ಲೋಡ್ ಮಾಡಿದೆ. 40 ನಿಮಿಷದ ಪಾಠವನ್ನು ಮಕ್ಕಳು ಸರಾಸರಿ ಆರು ನಿಮಿಷ ನೋಡಿದ್ದರು.

ದಾರಿ ಸಿಕ್ಕಿದ್ದು ಒಂದು ಹೋಮ್‌ವರ್ಕ್‌ನಿಂದ. ಹನ್ನೊಂದು ಮಕ್ಕಳು ನೋಟ್‌ಬುಕ್ ಫೋಟೊ ಕಳಿಸಿದ್ದರು. ಹನ್ನೊಂದರಲ್ಲೂ 1/2 + 1/3 = 2/5. ತಪ್ಪು ಒಂದೇ ಆಗಿರುವುದು ಸಹಜ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸುವುದು ನಾವೆಲ್ಲ ನೋಡಿದ್ದೇ. ಆದರೆ ನಾಲ್ಕು ಫೋಟೊಗಳಲ್ಲಿ ಮೂರನೇ ಸಾಲಿನ ಮೇಲಿದ್ದ ಶಾಯಿ ಕಲೆಯೂ ಒಂದೇ ಜಾಗದಲ್ಲಿತ್ತು. ಒಂದೇ ನೋಟ್‌ಬುಕ್ಕು, ನಾಲ್ಕು ಹೆಸರು.

ಬೈಯಲೆಂದೇ ಒಬ್ಬಳಿಗೆ ಫೋನ್ ಮಾಡಿದೆ. ಸಾದಾ ಕರೆ. "ಬರೆದದ್ದನ್ನು ಓದು" ಅಂದೆ. ಓದಿದಳು. "ಐದನೇ ಎರಡು ಅಂದರೆ ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ?" ಅಂದೆ. ಸುಮ್ಮನಾದಳು. ಹಾಳೆಯ ಮೇಲೆ ಪೆನ್ಸಿಲ್ ಗೀಚುವ ಸದ್ದು ಕೇಳಿಸಿತು. ಆಮೇಲೆ, "ಮಿಸ್, ಅರ್ಧಕ್ಕೆ ಇನ್ನೊಂದು ಸೇರಿಸಿದ್ರೆ ಅರ್ಧಕ್ಕಿಂತ ಕಡಿಮೆ ಹೇಗೆ ಬರುತ್ತೆ? ತಪ್ಪಾಗಿದೆ" ಅಂದಳು. ಎರಡು ತಿಂಗಳಲ್ಲಿ ನಾನು ಕೇಳಿದ ಮೊದಲ ನಿಜವಾದ ಗಣಿತದ ಮಾತು ಅದು. ಬೈಯುವುದು ಮರೆತೇ ಹೋಯಿತು.

ಆಮೇಲೆ ವಿಡಿಯೊ ಪೂರ್ತಿ ಬಿಟ್ಟೆ. ಬೆಳಿಗ್ಗೆ ನಾಲ್ಕು ನಿಮಿಷ ಮೀರದ ಒಂದು ವಾಯ್ಸ್ ನೋಟು, ಬಿಡಿಸಿದ ಒಂದು ಲೆಕ್ಕದ ಫೋಟೊ, ಮೂರು ಹೊಸ ಲೆಕ್ಕ. ಸಂಜೆ ಏಳರ ನಂತರ ಐದೈದು ಮಕ್ಕಳಿಗೆ ಕಾನ್ಫರೆನ್ಸ್ ಕಾಲ್, ಇಪ್ಪತ್ತು ನಿಮಿಷ. ಬೆಳಿಗ್ಗೆ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ, ಸಂಜೆಯಾದರೆ ಮನೆಯಲ್ಲಿರುತ್ತದೆ. ಬಟನ್ ಫೋನಾದರೂ ನಡೆಯುತ್ತದೆ, ಫೋಟೊದಲ್ಲಿರುವುದನ್ನು ಬಾಯಲ್ಲೇ ಹೇಳಿ ಬರೆಸುತ್ತಿದ್ದೆ. ನಿಯಮ ಒಂದೇ: ಪ್ರತಿ ಮಗುವೂ ತನ್ನ ಒಂದು ಹೆಜ್ಜೆಯನ್ನು ತನ್ನ ಬಾಯಲ್ಲಿ ಓದಬೇಕು. ತಪ್ಪನ್ನು ನಾನು ತಿದ್ದುವುದಿಲ್ಲ, ಮುಂದಿನ ಮಗು ತಿದ್ದಬೇಕು. ಎಂಟು ಗುಂಪಿಗೆ ವಾರಕ್ಕೆ ಎರಡು ಸಲ ಅಂದರೆ ನನಗೆ ಹತ್ತಿರ ಹತ್ತಿರ ಐದೂವರೆ ಗಂಟೆ. ವಿಡಿಯೊ ಪಾಠಕ್ಕೆ ಹೋಗುತ್ತಿದ್ದ ಹೊತ್ತಿನಲ್ಲಿ ಅರ್ಧ.

ಖರ್ಚಿನ ಲೆಕ್ಕ ಹೇಳಿದರೆ ಯಾರೂ ನಂಬುವುದಿಲ್ಲ. ಒಂದು ಗಂಟೆಯ ವಿಡಿಯೊ ಹತ್ತಿರ ಹತ್ತಿರ 1 ಜಿಬಿ ನುಂಗುತ್ತದೆ. ನಾಲ್ಕು ನಿಮಿಷದ ವಾಯ್ಸ್ ನೋಟು 1 ಎಂಬಿ ಕೂಡ ಆಗದು. ನನ್ನ ಕೈಯಿಂದ ಹೋದದ್ದು ತಿಂಗಳಿಗೆ ಒಂದು ರೀಚಾರ್ಜು, ಜೊತೆಗೆ ಆರೇಳು ಮಕ್ಕಳ ಮನೆಯ ರೀಚಾರ್ಜು. ರಿಂಗ್ ಲೈಟನ್ನು ಸಿಕ್ಕ ಬೆಲೆಗೆ ಮಾರಿದೆ.

ನಾನು ಹೊಸದೇನೋ ಕಂಡುಹಿಡಿದೆ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, 1937ರಲ್ಲಿ ಪೋಲಿಯೊ ಹರಡಿ ಶಿಕಾಗೊದ ಶಾಲೆಗಳು ಮುಚ್ಚಿದ್ದಾಗ ರೇಡಿಯೊದಲ್ಲಿ 15 ನಿಮಿಷದ ಪಾಠ ನಡೆಸಿದ್ದರಂತೆ. ಪಾಠದ ವಿವರ ಪತ್ರಿಕೆಗಳಲ್ಲಿ ಬರುತ್ತಿತ್ತು. ಅನುಮಾನ ಬಂದರೆ ಕೇಳುವುದಕ್ಕೆ ಫೋನಿನ ಆ ಕಡೆ ಶಿಕ್ಷಕರು ಇರುತ್ತಿದ್ದರು. ಚಿಕ್ಕ ಪಾಠ, ಕೈಯಲ್ಲೊಂದು ಕಾಗದ, ಆ ಕಡೆ ಒಬ್ಬ ಮನುಷ್ಯ. ನನಗೆ ತುಂಬಾ ಧೈರ್ಯ ಬಂತು.

ಪಾಠದ ಜೊತೆ ಬೇರೆ ಹಾನಿಗಳೂ ಕಂಡವು. ರಾತ್ರಿ ಒಂದು ಗಂಟೆಗೆ ಹೋಮ್‌ವರ್ಕ್ ಬರುತ್ತಿತ್ತು, ನಿದ್ದೆಯ ಹೊತ್ತೇ ತಿರುಗಿಬಿದ್ದಿತ್ತು. ಬರೆಯುವ ರೂಢಿ ತಪ್ಪಿಹೋಗಿತ್ತು. ಐದು ನಿಮಿಷ ನೋಡಿ ಬರೆಯಲು ಕೊಟ್ಟೆ. ಮೊದಲು ಒಂಬತ್ತು ಹತ್ತು ಸಾಲು ಬರೆಯುತ್ತಿದ್ದವರು ಆರಕ್ಕೆ ಇಳಿದಿದ್ದರು. ದಿನಾ ಐದು ನಿಮಿಷ ಬರೆಸಿದೆ, ಎರಡು ತಿಂಗಳಿಗೆ ಎಂಟಕ್ಕೆ ಬಂದರು. ಎಲ್ಲಕ್ಕಿಂತ ನೋವಾದದ್ದು ಮಾತು. ತರಗತಿಯಲ್ಲಿ ಪಟಪಟ ಅನ್ನುತ್ತಿದ್ದ ಹುಡುಗ ಕರೆಯಲ್ಲಿ ಮೂರು ವಾರ ಬರೀ ಉಸಿರಾಡುತ್ತಿದ್ದ. ನಾನು ಬಲವಂತ ಮಾಡಲಿಲ್ಲ, ಪ್ರತಿ ಸಲ ಅವನ ಹೆಸರು ಹೇಳಿ ಹತ್ತರವರೆಗೆ ಎಣಿಸಿ ಮುಂದೆ ಹೋಗುತ್ತಿದ್ದೆ. ನಾಲ್ಕನೇ ವಾರ ನಾನು ಏಳು ಎಣಿಸುವಾಗ "ಹನ್ನೆರಡು ಮಿಸ್" ಅಂತ ಲೆಕ್ಕದ ಉತ್ತರ ಹೇಳಿದ.

ಇನ್ನೊಂದು ಪ್ರಯೋಗ ಮಾಡಿದ್ದೆ. ವಾರಕ್ಕೊಬ್ಬ ಮಗು ವಾಯ್ಸ್ ನೋಟಿನಲ್ಲಿ ಪಾಠ ಹೇಳುವುದು. ನನ್ನ ನೋಟನ್ನು ಒಂದು ಸಲ ಕೇಳುತ್ತಿದ್ದವರು ಗೆಳತಿಯದ್ದನ್ನು ಮೂರು ಮೂರು ಸಲ ಕೇಳಿದರು. ಭಾಷೆಯ ಪಾಠಕ್ಕೂ ಇದು ನಡೆಯುತ್ತದೆ. ವಿಜ್ಞಾನಕ್ಕೆ ನನ್ನ ಸಹೋದ್ಯೋಗಿ ಮಾಡಿ ನೋಡಿದರು, ಚಿತ್ರ ಬಿಡಿಸುವ ಪಾಠ ಬಂದಲ್ಲಿ ನಿಂತುಹೋಯಿತು.

ಶಾಲೆ ತೆರೆದ ಮೊದಲ ವಾರ 38 ಮಕ್ಕಳಿಗೆ ಭಿನ್ನರಾಶಿಯ ಚಿಕ್ಕ ಪರೀಕ್ಷೆ ಕೊಟ್ಟೆ. ಮೂವತ್ತರ ಹತ್ತಿರ ಪಾಸಾದರು. ವಿಡಿಯೊ ಪಾಠವೇ ನಡೆದಿದ್ದ ಪಕ್ಕದ ವಿಭಾಗದಲ್ಲಿ ಅದೇ ಪತ್ರಿಕೆಗೆ ಅರ್ಧಕ್ಕಿಂತ ಕಡಿಮೆ. ಹೆಮ್ಮೆ ಇದೆ, ಹೇಳಿಕೊಳ್ಳುತ್ತೇನೆ. ಯಾವ ಫೋನೂ ಕೈಗೆ ಸಿಗದ ಇಬ್ಬರನ್ನು ಮಾತ್ರ ನನ್ನಿಂದ ಮುಟ್ಟಲಾಗಲಿಲ್ಲ, ಅವರು ಶಾಲೆಗೂ ವಾಪಸ್ ಬರಲಿಲ್ಲ.

ಐದು ಮಕ್ಕಳನ್ನು ಹೇಗೆ ಆರಿಸುತ್ತೇನೆ, ಕರೆಯ ಮೊದಲ ಪ್ರಶ್ನೆ ಯಾವುದು ಅಂತ ತುಂಬಾ ಜನ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಂಕದ ಪ್ರಕಾರ ಮಾತ್ರ ಆರಿಸಬೇಡಿ, ಇಷ್ಟು ಹೇಳಬಲ್ಲೆ. ಈಗಲೂ ಯಾವ ಮಗುವಾದರೂ ಕಾಯಿಲೆಯಿಂದ ಮೂರು ದಿನ ಬರದಿದ್ದರೆ, ಸಂಜೆ ಏಳಕ್ಕೆ ಅವನ ಗುಂಪಿನ ನಾಲ್ವರನ್ನು ಸೇರಿಸಿ ಕರೆ ಮಾಡುತ್ತೇನೆ.