ಒಣ ಹವೆಯ ಊರಿನಲ್ಲಿ ವಸಂತದ ತೋಟ: ಹೊಸಬರಿಗೆ ಮಾರ್ಗದರ್ಶಿ

ಬಿಸಿಲು ಹೆಚ್ಚು, ಮಳೆ ಕಡಿಮೆ ಇರುವ ಊರಿಗೆ ಬಂದು ನೆಲೆಸಿದವರು ಪದೇ ಪದೇ ಕೇಳುವ ಪ್ರಶ್ನೆ: ದಿನವೂ ನೀರು ಹಾಕಿದರೂ ಗಿಡ ಏಕೆ ಒಣಗುತ್ತಿದೆ? ಬಹಳಷ್ಟು ಸಲ ದಿನವೂ ಸ್ವಲ್ಪ ಸ್ವಲ್ಪ ಹಾಕುವುದೇ ಅದಕ್ಕೆ ಕಾರಣ. ಚಿಮುಕಿಸಿದ ನೀರು ಮೇಲ್ಪದರವನ್ನಷ್ಟೇ ನೆನೆಸುತ್ತದೆ. ಬೇರುಗಳೂ ಅಲ್ಲೇ ಹರಡಿಕೊಳ್ಳುತ್ತವೆ. ಬೇಸಿಗೆಯಲ್ಲಿ ಮೊದಲು ಕಾಯುವುದು ಆ ಪದರವೇ. ಆದ್ದರಿಂದ ವಸಂತದಲ್ಲಿ ಬೇರುಗಳನ್ನು ಆಳಕ್ಕೆ ಇಳಿಸುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ.

ಅಪರೂಪಕ್ಕೆ ಹಾಕಿ, ಆದರೆ ಆಳವಾಗಿ ಉಣಿಸಿ. ತರಕಾರಿ ಮತ್ತು ಹೂಗಿಡಗಳಿಗೆ ಸುಮಾರು 30 ಸೆಂಟಿಮೀಟರ್, ಪೊದೆಗಳಿಗೆ 45ರಿಂದ 60, ಮರಗಳಿಗೆ 60ರಿಂದ 90 ಸೆಂಟಿಮೀಟರ್ ಆಳದವರೆಗೆ ಮಣ್ಣು ನೆನೆಯಬೇಕು. ಅಳೆಯಲು ತೆಳುವಾದ ಕಬ್ಬಿಣದ ಸಲಾಕೆಯೊಂದು ಸಾಕು. ನೀರುಣಿಸಿದ ಮರುದಿನ ಚುಚ್ಚಿ ನೋಡಿ: ಒದ್ದೆ ಮಣ್ಣಿನಲ್ಲಿ ಅದು ಸರಾಗವಾಗಿ ಇಳಿಯುತ್ತದೆ, ಒಣ ಮಣ್ಣು ತಾಗಿದೊಡನೆ ನಿಂತುಬಿಡುತ್ತದೆ. ಬೆಳೆದ ಮರದ ಬುಡಕ್ಕೇ ನೀರು ಸುರಿಯಬೇಡಿ. ಕೊಂಬೆಗಳ ತುದಿ ಎಲ್ಲಿಯವರೆಗೆ ಚಾಚಿದೆಯೋ ಅಲ್ಲಿ ಪಾತಿ ಮಾಡಿ. ಹನಿ ನೀರಾವರಿ ಇದ್ದರೆ ಫಿಲ್ಟರ್ ತೊಳೆದು, ಕಟ್ಟಿಕೊಂಡ ಡ್ರಿಪ್ಪರ್‌ಗಳನ್ನು ಬದಲಿಸಿ.

ನನ್ನ ನಿಂಬೆ ಗಿಡದ ಎಲೆಗಳ ತುದಿ ಒಮ್ಮೆ ಕಂದಿ ಸುಟ್ಟಂತಾಗಿತ್ತು. ಬಾಯಾರಿಕೆ ಎಂದುಕೊಂಡು ದಿನಕ್ಕೆರಡು ಬಾರಿ ನೀರು ಹಾಕಿದೆ. ಕಂದುಬಣ್ಣ ಎಲೆಯ ಅಂಚಿಗೂ ಹಬ್ಬಿತು. ಬುಡದ ಮಣ್ಣಿನ ಮೇಲೆ ಬಿಳಿ ಪುಡಿ ಕೂತಿದ್ದನ್ನು ಕಂಡಾಗ ತಿಳಿಯಿತು, ಅದು ಉಪ್ಪು. ನೀರಿನಲ್ಲಿರುವ ಲವಣ ಕೆಳಗಿಳಿಯದೆ ಬೇರಿನ ಸುತ್ತಲೇ ಉಳಿದಿತ್ತು. ಒಮ್ಮೆ ನಿಧಾನವಾಗಿ, ದೀರ್ಘಕಾಲ ನೀರು ಬಿಟ್ಟು ಅದನ್ನು ಆಳಕ್ಕೆ ತೊಳೆದೆ. ಸುಟ್ಟ ಎಲೆಗಳು ಹಸಿರಾಗಲಿಲ್ಲ, ಆದರೆ ಮುಂದೆ ಬಂದ ಚಿಗುರು ಶುಭ್ರವಾಗಿತ್ತು. ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಬೇರೆ ತೊಂದರೆ: ಕ್ಷಾರ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಅದಕ್ಕೆ ಕಬ್ಬಿಣದ ಕೀಲೇಟ್ ಗೊಬ್ಬರ, ಅಂದರೆ ಗಿಡ ಹೀರಿಕೊಳ್ಳಬಲ್ಲ ರೂಪದ ಕಬ್ಬಿಣ, ಕೊಡಬೇಕು.

ಚಳಿಗೆ ಕಪ್ಪಾದ ಕೊಂಬೆಗಳನ್ನು ಅವಸರದಿಂದ ಕತ್ತರಿಸಬೇಡಿ. ಉಗುರಿನಿಂದ ತೊಗಟೆಯನ್ನು ಕೊಂಚ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ. ಚಿಗುರು ಎಲ್ಲಿಂದ ಬರುತ್ತದೆಂದು ಕಂಡ ಮೇಲೆ, ಆ ಚಿಗುರಿಗಿಂತ ಮೇಲಿರುವ ಒಣಗಿದ ಕೊಂಬೆಯನ್ನು ಸವರಿ. ನಿಂಬೆ, ಕಿತ್ತಳೆ ಮರಗಳ ಕೆಳಗಿನ ಕೊಂಬೆಗಳನ್ನಂತೂ ಬಿಟ್ಟುಬಿಡಿ, ಕಾಂಡಕ್ಕೆ ನೆರಳು ಕೊಡುವುದು ಅವೇ.

ಟೊಮೇಟೊ ಸಸಿಗಳನ್ನು ಹಿಮದ ಭಯ ಕಳೆದ ಕೂಡಲೇ ನೆಡಿ. ಹಗಲಿನ ತಾಪ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೂ ಕಾಯಿಕಟ್ಟದೆ ಉದುರತೊಡಗುತ್ತದೆ. ಹಾಗಾಗಿ ತಡವಾಗಿ ನೆಟ್ಟವರಿಗೆ ಸೊಂಪಾದ ಗಿಡವಷ್ಟೇ ಸಿಗುತ್ತದೆ. ಬೆಂಡೆಗೆ ಈ ಅವಸರವಿಲ್ಲ, ಅದು ಬಿಸಿಲಿನ ಬೆಳೆ. ಮಣ್ಣು ಬೆಚ್ಚಗಾದ ಮೇಲೆಯೇ ಬಿತ್ತಿ.

ಚಿಗುರಿನ ಹೇನುಗಳಿಗೆ ಔಷಧಿ ಹುಡುಕುವ ಮೊದಲು ಪೈಪಿನ ರಭಸದ ನೀರಿನಿಂದ ಉದುರಿಸಿ ನೋಡಿ.

ಬಿಸಿಲು ಏರುವ ಮುನ್ನ ಪಾತಿಗಳ ಮೇಲೆ ತರಗೆಲೆ, ಹುಲ್ಲು ಅಥವಾ ಮರದ ತೊಗಟೆಯನ್ನು 5ರಿಂದ 10 ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಕಾಂಡದ ಸುತ್ತ ಮಾತ್ರ ಒಂದು ಅಂಗೈ ಅಗಲ ಬಿಡಿ, ತೇವ ತಾಗಿದರೆ ತೊಗಟೆ ಕೊಳೆಯುತ್ತದೆ. ಕುಂಡಗಳನ್ನು ಪಶ್ಚಿಮದ ಗೋಡೆಯ ಪಕ್ಕದಿಂದ ಈಗಲೇ ಸರಿಸಿ. ಸಂಜೆಯಾದರೂ ಆ ಗೋಡೆ ಬಿಸಿಯಾಗಿಯೇ ಇರುತ್ತದೆ.