ಕೌಟುಂಬಿಕ ದೌರ್ಜನ್ಯ: ನ್ಯಾಯಾಲಯದಿಂದ ರಕ್ಷಣಾ ಆದೇಶ ಪಡೆಯುವ ಬಗೆ

ಗಂಡನ ಹಿಂಸೆ ತಾಳಲಾಗದೆ ಠಾಣೆಗೆ ಹೋದ ಹೆಂಗಸಿಗೆ ಬುದ್ಧಿವಾದ ಹೇಳಿ ಮನೆಗೆ ಕಳಿಸುವುದು ಇಂದಿಗೂ ಅಪರೂಪವಲ್ಲ. ಆದರೆ 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ ಪ್ರಕಾರ, ಹಿಂಸೆ ನೀಡುವವರನ್ನು ತಡೆಯುವ ರಕ್ಷಣಾ ಆದೇಶ ಕೊಡುವವರು ಪೊಲೀಸರಲ್ಲ, ಮ್ಯಾಜಿಸ್ಟ್ರೇಟರು. ಅದಕ್ಕೆ ಎಫ್‌ಐಆರ್ ಆಗಿರಲೇಬೇಕೆಂದೂ ಇಲ್ಲ.

ಈ ಆದೇಶ ಕೋರುವ, ಕಾಯ್ದೆಯ 12ನೇ ಕಲಮಿನ ಅರ್ಜಿಯನ್ನು ಮಹಿಳೆ ತಾನೇ ಸಲ್ಲಿಸಬಹುದು, ಇಂಥವರ ನೆರವಿಗೆಂದು ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿಯ ಮೂಲಕವೂ ಸಲ್ಲಿಸಬಹುದು. ಕರ್ನಾಟಕದಲ್ಲಿ ಈ ಹೊಣೆ ಸಾಮಾನ್ಯವಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ತವರಿಗೆ ಬಂದಿದ್ದರೆ ತವರಿನ ತಾಲ್ಲೂಕಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬೇಕು. ಉಚಿತ ಕಾನೂನು ನೆರವಿಗೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲ.

ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ನಡೆಯಬೇಕು, 60 ದಿನಗಳಲ್ಲಿ ಅರ್ಜಿ ಇತ್ಯರ್ಥಗೊಳಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳಿದರೂ, ಈ ಗಡುವನ್ನು ನೆಚ್ಚಿ ಕೂರುವಂತಿಲ್ಲ. ಆದ್ದರಿಂದ ಮುಖ್ಯ ಅರ್ಜಿಯ ಜೊತೆಗೇ, 23ನೇ ಕಲಮಿನಡಿ ಮಧ್ಯಂತರ ಆದೇಶವನ್ನು (ಅಂತಿಮ ತೀರ್ಮಾನದವರೆಗಿನ ತಾತ್ಕಾಲಿಕ ಆದೇಶ) ಅಫಿಡವಿಟ್, ಅಂದರೆ ಪ್ರಮಾಣ ಮಾಡಿದ ಲಿಖಿತ ಹೇಳಿಕೆ ಸಹಿತ ಕೇಳಬೇಕು. ಮೇಲ್ನೋಟಕ್ಕೆ ದೌರ್ಜನ್ಯ ನಡೆದಿದೆ ಅಥವಾ ನಡೆಯಬಹುದು ಎಂದು ಆ ಅಫಿಡವಿಟ್‌ನಿಂದ ಮನವರಿಕೆಯಾದರೆ, ಎದುರುದಾರರು ಹಾಜರಾಗುವ ಮೊದಲೇ ಮ್ಯಾಜಿಸ್ಟ್ರೇಟರು ಏಕಪಕ್ಷೀಯ ಆದೇಶ ನೀಡಬಹುದು.

ಎಲ್ಲವೂ ನಿಂತಿರುವುದು ಅಫಿಡವಿಟ್‌ನ ಬರವಣಿಗೆಯ ಮೇಲೆ. "ಮಾನಸಿಕವಾಗಿ ಮತ್ತು ದೈಹಿಕವಾಗಿ ಕಿರುಕುಳ ನೀಡುತ್ತಿದ್ದಾರೆ" ಎಂಬ ವಾಕ್ಯ ಪ್ರತಿ ಅರ್ಜಿಯಲ್ಲೂ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. "ಯುಗಾದಿಯ ಮಾರನೆಯ ರಾತ್ರಿ ಎಟಿಎಂ ಕಾರ್ಡ್ ಕೊಡಲಿಲ್ಲವೆಂದು ಲಟ್ಟಣಿಗೆಯಿಂದ ಎಡಗೈಗೆ ಹೊಡೆದರು, ಸರ್ಕಾರಿ ಆಸ್ಪತ್ರೆಯ ಚೀಟಿ ಲಗತ್ತಿಸಿದೆ" ಎಂದು ಬರೆದರೆ ತೂಕ ಬೇರೆ. ಸಂಬಳ ಕಿತ್ತುಕೊಳ್ಳುವುದೂ ಕಾಯ್ದೆಯ ದೃಷ್ಟಿಯಲ್ಲಿ ಆರ್ಥಿಕ ದೌರ್ಜನ್ಯವೇ.

ಕೋರಿಕೆಯೂ ಅಷ್ಟೇ ಖಚಿತವಾಗಿರಬೇಕು: ತಾನು ಕೆಲಸ ಮಾಡುವ ಸ್ಥಳಕ್ಕೆ, ಮಗುವಿನ ಶಾಲೆಗೆ ಗಂಡ ಬರಬಾರದು, ಫೋನ್, ವಾಟ್ಸ್ಆ್ಯಪ್ ಮಾಡಬಾರದು, ಜಂಟಿ ಖಾತೆ, ಲಾಕರ್ ಮುಟ್ಟಬಾರದು, ತವರಿನವರ ಮೇಲೆ ಕೈ ಮಾಡಬಾರದು. ಗಂಡನನ್ನೇ ಮನೆಯಿಂದ ಹೊರಗಿರಿಸುವಂತೆ 19ನೇ ಕಲಮಿನಡಿ ಕೇಳಬಹುದು. ಆದರೆ ಅತ್ತೆ, ನಾದಿನಿಯರನ್ನು ಹಾಗೆ ಹೊರಹಾಕಿಸಲಾಗದು, ಏಕೆಂದರೆ ಹೆಂಗಸರ ವಿರುದ್ಧ ಅಂಥ ಆದೇಶವನ್ನು ಕಾಯ್ದೆಯೇ ತಡೆದಿದೆ.

ಆದೇಶದ ಪ್ರತಿ ಉಚಿತ. ಒಂದು ಪ್ರತಿ ಠಾಣೆಗೂ ಹೋಗುತ್ತದೆ. ಆದೇಶ ದೇಶದಾದ್ಯಂತ ಜಾರಿಯಾಗುತ್ತದೆ. ರಕ್ಷಣಾ ಆದೇಶವನ್ನು ಮುರಿಯುವುದು ಜಾಮೀನುರಹಿತ ಅಪರಾಧವಾಗಿದ್ದು, ವಾರಂಟ್ ಇಲ್ಲದೆಯೇ ಬಂಧಿಸಬಹುದು. ಒಂದು ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದೇಶದ ವಿರುದ್ಧ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು. ಶಾಲೆಯ ಹೆಸರು ಆದೇಶದಲ್ಲಿದ್ದರೆ ಒಂದು ಜೆರಾಕ್ಸ್ ಪ್ರತಿಯನ್ನು ಮುಖ್ಯೋಪಾಧ್ಯಾಯರ ಕೈಗೂ ಕೊಟ್ಟಿಡಬೇಕು. ಗೇಟಿನ ಬಳಿ ಬಂದು ನಿಂತವನನ್ನು ಮೊದಲು ನೋಡುವವರು ಅಲ್ಲಿನವರೇ.